ಬಾಡಿಗೆ ಕಾರು ಯಾರ ಅಂಗಳದವರೆಗೆ?

"ಎಲ್ಲಿಗೆ ಹೋಗ್ಬೇಕು?"

"ಕಾಲೊನಿಗೆ."

ಈ ಎರಡು ಮಾತು ಮುಗಿದ ಮೇಲೆ ಜೀಪಿನ ಡ್ರೈವರ್ ಒಂದು ಗಳಿಗೆ ಸುಮ್ಮನಾಗುತ್ತಾನಲ್ಲ, ಆ ಸುಮ್ಮನಿರುವಿಕೆಯ ಬಗ್ಗೆ ನಾನು ಬರೆಯಬೇಕಾಗಿದೆ.

ಬೆಂಗಳೂರಿನ ಆಸ್ಪತ್ರೆಯಿಂದ ಅಮ್ಮನನ್ನು ಕರಕೊಂಡು ಬೆಳಗಿನ ಜಾವ ನೆಟ್ಟಣದಲ್ಲಿ ರೈಲಿಳಿದೆ. ರೈಲ್ವೆಯವರು ಇದನ್ನು ಸುಬ್ರಹ್ಮಣ್ಯ ರೋಡ್ ಎನ್ನುತ್ತಾರೆ. ಹೊರಗೆ ಜೀಪುಗಳ ಸಾಲು. "ಕುಕ್ಕೆ, ಕುಕ್ಕೆ" ಎಂದು ಕೂಗು. ನಮ್ಮೊಂದಿಗೇ ಇಳಿದ ಒಂದು ಕುಟುಂಬಕ್ಕೆ ಕಾರು ಮೊದಲೇ ಬಂದು ಕಾದಿತ್ತು. ಅವರ ಹೆಸರು ಬರೆದ ರಟ್ಟು ಹಿಡಿದು ಒಬ್ಬ ಹುಡುಗ ನಿಂತಿದ್ದ. ಪೆಟ್ಟಿಗೆಯನ್ನು ಅವನೇ ಎತ್ತಿಟ್ಟ, ಬಾಗಿಲನ್ನು ಅವನೇ ತೆಗೆದ. ಅವರು ಹೋದರು. ನಾನು ಒಬ್ಬ ಜೀಪಿನವನನ್ನು ಕೇಳಿದೆ. ಊರಿನ ಹೆಸರು ಹೇಳುವವರೆಗೆ ಎಲ್ಲ ಸರಿ ಇತ್ತು. "ಅಲ್ಲಿ ಯಾವ ಮನೆ?" ಎಂದ. ಹೇಳಿದೆ. "ಆ ದಾರಿಗೆ ಗಾಡಿ ಬರುವುದಿಲ್ಲ ಮಾರಾಯ್ರೆ, ಮುಖ್ಯ ರಸ್ತೆಯಲ್ಲಿ ಬಿಡ್ತೇನೆ" ಎಂದ. ಬಾಡಿಗೆಯನ್ನೇನೂ ಕಡಿಮೆ ಮಾಡಲಿಲ್ಲ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ಅಮ್ಮ ಒಂದು ಮೈಲಿ ನಡೆದಳು.

ಅದೇ ದಾರಿಯಲ್ಲಿ ಅಡಿಕೆ ಕೊಯ್ಲಿನ ಕಾಲದಲ್ಲಿ ಪಿಕಪ್ಪು ಬರುತ್ತದೆ. ಧಣಿಗಳ ಅಂಗಳದವರೆಗೆ ಬರುತ್ತದೆ. ಅಡಿಕೆ ಮೂಟೆಗೆ ಇರುವ ದಾರಿ ಅಡಿಕೆ ಹೆಕ್ಕಿದ ಹೆಂಗಸಿಗೆ ಇಲ್ಲ.

ಇದನ್ನು ಒಬ್ಬ ಓದಿದ ಗೆಳೆಯನಿಗೆ ಹೇಳಿದೆ. ಒಳ್ಳೆಯವನು, ನಮ್ಮ ಸಭೆಗಳಿಗೂ ಬರುವವನು. ಅವನೆಂದ: "ನೀನು ಫೋನಿನಲ್ಲಿ ಮೊದಲೇ ಬುಕ್ ಮಾಡಬೇಕಿತ್ತು. ಈಗ ಕಾಲ ಬದಲಾಗಿದೆ. ದುಡ್ಡು ಕಟ್ಟಿದರೆ ಯಾರೂ ಜಾತಿ ಕೇಳುವುದಿಲ್ಲ. ದುಡ್ಡಿಗೆ ಜಾತಿ ಇಲ್ಲ."

ದುಡ್ಡಿಗೆ ಜಾತಿ ಇಲ್ಲವಂತೆ! ನನ್ನ ಜಗಳ ಆ ಜೀಪಿನವನ ಜೊತೆಗಿಂತ ಹೆಚ್ಚಾಗಿ ಈ ಮಾತಿನ ಜೊತೆ.

1901ರಲ್ಲಿ ಸತಾರಾದಿಂದ ಹೊರಟ ಕೆಲವು ಮಕ್ಕಳು ಮಸೂರು ಎಂಬ ರೈಲು ನಿಲ್ದಾಣದಲ್ಲಿ ಇಳಿದರು. ಗೋರೆಗಾಂವಿನಲ್ಲಿ ಕೆಲಸದಲ್ಲಿದ್ದ ತಂದೆಯನ್ನು ನೋಡಲು ಹೊರಟವರು. ಒಳ್ಳೆಯ ಬಟ್ಟೆ ಹಾಕಿದ್ದರು, ಕೈಯಲ್ಲಿ ಕಾಸಿತ್ತು. ಮೊದಲೇ ಕಾಗದ ಬರೆದಿದ್ದರು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಬುಕ್ ಮಾಡಿದ್ದರು! ಆದರೆ ಕಾಗದ ತಂದೆಯ ಕೈ ಸೇರಿರಲಿಲ್ಲ, ಯಾರೂ ಕರೆಯಲು ಬರಲಿಲ್ಲ. ಸ್ಟೇಶನ್ ಮಾಸ್ತರ್ ಬಂದು ವಿಚಾರಿಸಿದ. ಮಹಾರರ ಮಕ್ಕಳೆಂದು ತಿಳಿದದ್ದೇ ಅವನ ಮುಖ ಬದಲಾಯಿತು. ಬಾಡಿಗೆ ಗಾಡಿಗಳು ಎದುರಿಗೇ ನಿಂತಿದ್ದವು. ಒಬ್ಬನೂ ಒಪ್ಪಲಿಲ್ಲ. ಎರಡು ಪಾಲು ಬಾಡಿಗೆ ಕೊಡುತ್ತೇವೆಂದರೂ ಒಪ್ಪಲಿಲ್ಲ. ಕೊನೆಗೆ ಆದ ಕರಾರು ಏನು ಗೊತ್ತೇ? ಮಕ್ಕಳು ಎರಡು ಪಾಲು ಬಾಡಿಗೆ ಕೊಡಬೇಕು, ಎತ್ತುಗಳನ್ನೂ ತಾವೇ ಹೊಡೆಯಬೇಕು. ಗಾಡಿಯವನು ಪಕ್ಕದಲ್ಲಿ ನಡೆದುಕೊಂಡು ಬರುತ್ತಾನೆ. ಅವನ ದುಡ್ಡೂ ಉಳಿಯಿತು, ಮಡಿಯೂ ಉಳಿಯಿತು. ಮಕ್ಕಳಿಗೆ ದಾರಿಯುದ್ದಕ್ಕೂ ಕುಡಿಯಲು ನೀರು ಸಿಗಲಿಲ್ಲ.

ಆ ಮಕ್ಕಳಲ್ಲಿ ಒಬ್ಬನ ಹೆಸರು ಭೀಮರಾವ್.

ಓದಿದರೆ ಸರಿಹೋಗುತ್ತದೆ ಎನ್ನುತ್ತೀರೋ? 1929ಕ್ಕೆ ಬನ್ನಿ. ಅದೇ ಹುಡುಗ ಈಗ ಬ್ಯಾರಿಸ್ಟರ್, ಅಮೆರಿಕ ಇಂಗ್ಲೆಂಡುಗಳಲ್ಲಿ ಓದಿ ಬಂದವನು, ಮುಂಬಯಿ ಸರಕಾರ ನೇಮಿಸಿದ ಸಮಿತಿಯ ಸದಸ್ಯ. ಚಾಳೀಸಗಾಂವ್ ಸ್ಟೇಶನ್ನಿನಲ್ಲಿ ಇಳಿದರೆ ಟಾಂಗಾದವರು ಯಾರೂ ಹೊಡೆಯಲು ತಯಾರಿಲ್ಲ. ಕೇರಿಯ ಜನ ಟಾಂಗಾ ಮಾತ್ರ ಬಾಡಿಗೆಗೆ ಪಡೆದು, ಹೊಡೆದು ಅಭ್ಯಾಸವಿಲ್ಲದ ತಮ್ಮವನೊಬ್ಬನನ್ನೇ ಕೂರಿಸಿದರು. ಮೋರಿಯ ಮೇಲೆ ಟಾಂಗಾ ಅಪಘಾತಕ್ಕೀಡಾಯಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟರು, ಕಾಲು ಮುರಿಯಿತು. ಟಾಂಗಾದವನ ಮರ್ಯಾದೆ ಉಳಿಯಿತು. ಇದನ್ನೆಲ್ಲ ಅವರೇ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಬರೆದಿಟ್ಟಿದ್ದಾರೆ. ಮೇಷ್ಟ್ರುಗಳೇ, ಏಳನೆಯ ಕ್ಲಾಸಿನ ಮಕ್ಕಳಿಗೆ ಒಮ್ಮೆ ಓದಿ ಹೇಳಿ.

ದುಡ್ಡಿಗೆ ಜಾತಿ ಇದೆ ಗೆಳೆಯಾ. ಎರಡು ಪಾಲು ಕೊಟ್ಟವನಿಗೆ ಅರ್ಧ ದಾರಿ ಸಿಗುವುದಾದರೆ ಆ ದುಡ್ಡಿಗೆ ಖಂಡಿತ ಜಾತಿ ಇದೆ.

ನಿನ್ನ ಮಾತಿನಲ್ಲಿ ಒಂದು ಪಾಲು ಸತ್ಯವೂ ಉಂಟು. ಅದನ್ನು ಮುಚ್ಚಿಡುವುದಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಫೋನು ಒತ್ತಿದರೆ ಗುರುತಿಲ್ಲದ ಡ್ರೈವರ್ ಬರುತ್ತಾನೆ. ಅವನಿಗೆ ನಾನು ಯಾರೆಂದು ಗೊತ್ತಿಲ್ಲ, ನನಗೆ ಅವನು ಗೊತ್ತಿಲ್ಲ. ಮೊದಲೇ ಹೇಳಿದ ಬಾಡಿಗೆ, ಮೊದಲೇ ಹೇಳಿದ ದಾರಿ. ಮಹಾನಗರದ ಈ ಗುರುತಿಲ್ಲದಿರುವಿಕೆ ನಮ್ಮಂಥವರಿಗೆ ಒಂದು ನೆರಳು. ನಾನೂ ಅದರಡಿ ನಿಂತಿದ್ದೇನೆ, ಉಸಿರು ಬಿಟ್ಟಿದ್ದೇನೆ. ಆದರೆ ಅಲ್ಲಿಯೂ ಫೋನು ಮೊದಲು ಕೇಳುವುದು ಹೆಸರನ್ನು. ಹೆಸರಿನ ಬಾಲ ಹಿಡಿದು ಜಾತಿ ಹುಡುಕುವುದು ಈ ದೇಶದ ಜನಕ್ಕೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ.

ಪುತ್ತೂರು, ಸುಳ್ಯ, ಕಡಬದಲ್ಲಿ ಆ ನೆರಳೂ ಇಲ್ಲ. ಇಲ್ಲಿ ಬಾಡಿಗೆ ಹೊಡೆಯುವವನಿಗೆ ಪ್ರತಿ ಮನೆ ಗೊತ್ತು, ಪ್ರತಿ ಮನೆಯ ನಾಯಿಯೂ ಗೊತ್ತು. ಇಲ್ಲಿ ವಿಳಾಸವೆಂದರೆ ಜಾತಿ. "ಕಾಲೊನಿ" ಎಂಬ ಮೂರಕ್ಷರ ಸಾಕು. ಸರಕಾರ ಐದು ಸೆಂಟ್ಸು ಜಾಗ ಕೊಟ್ಟಿತು, ಜೊತೆಗೆ ಹಣೆಪಟ್ಟಿಯನ್ನೂ ಕೊಟ್ಟಿತು.

ಬಾಡಿಗೆಯ ಲೆಕ್ಕವನ್ನೂ ನೋಡೋಣ. ಪುತ್ತೂರಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಬಜ್ಪೆಯ ವಿಮಾನ ನಿಲ್ದಾಣ ಇರುವುದು ಮಂಗಳೂರು ಪೇಟೆಯಿಂದ ಆಚೆಗೆ. ಸುಳ್ಯದವರಿಗೆ ದಾರಿ ಇನ್ನೂ ದೂರ. ಕಾರಿನವನು ವಾಪಸು ಖಾಲಿ ಬರಬೇಕೆಂದು ಹೋಗಿ ಬರುವ ಎರಡೂ ಕಡೆಯ ಕಿಲೋಮೀಟರ್ ಹಿಡಿಯುತ್ತಾನೆ. ಬ್ರಹ್ಮರಕೂಟ್ಲಿನ ಟೋಲು ಬೇರೆ. ವಿಮಾನ ತಡವಾದರೆ ಕಾದ ದುಡ್ಡು ಬೇರೆ, ರಾತ್ರಿಯಾದರೆ ಭತ್ತೆ ಬೇರೆ. ಇದು ಡ್ರೈವರನ ತಪ್ಪಲ್ಲ, ಡೀಸೆಲ್ಲಿನವನು ಅವನಿಗೆ ಧರ್ಮಕ್ಕೆ ಕೊಡುವುದಿಲ್ಲ. ಆದರೆ ಗಲ್ಫಿನಲ್ಲಿ ಕಟ್ಟಡದ ಕೆಲಸ ಮಾಡಿ ಎರಡು ವರ್ಷಕ್ಕೊಮ್ಮೆ ಬರುವ ಮಗನನ್ನು ಕರೆತರಲು ತೋಟದ ಕೂಲಿಯಾಳು ಎಷ್ಟು ದಿನದ ಸಂಬಳ ಕೊಡಬೇಕು? ಲೆಕ್ಕ ನೀವೇ ಹಾಕಿ.

ಸರಕಾರ ತಾನು ಮಾಡಬೇಕಾದ ಕೆಲಸ ಮಾಡದೆ ಬಿಟ್ಟ ಖಾಲಿ ಜಾಗದಲ್ಲೇ ಈ ಬಾಡಿಗೆ ಕಾರಿನ ವ್ಯಾಪಾರ ಬೆಳೆದಿದೆ. ಮಂಗಳೂರು-ಹಾಸನ ರೈಲುದಾರಿ ಮುಗಿದದ್ದು 1979ರಲ್ಲಿ. ಹಳಿ ಅಗಲ ಮಾಡುತ್ತೇವೆಂದು 1996ರಲ್ಲಿ ಘಾಟಿಯ ದಾರಿ ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಘಾಟಿ ಹತ್ತಿದ್ದು 2007ರ ಕೊನೆಗೆ. ಒಂದು ಪೀಳಿಗೆಯ ಮಕ್ಕಳು ರೈಲು ನೋಡದೆ ಹೈಸ್ಕೂಲು ಮುಗಿಸಿದರು. ಸುಳ್ಯ ಪೇಟೆಗೆ ಇವತ್ತಿಗೂ ರೈಲಿಲ್ಲ. 2018ರಲ್ಲಿ ಕಡಬ ತಾಲೂಕಾಯಿತು. ಬೋರ್ಡು ಬಂತು, ತಹಶೀಲ್ದಾರರ ಜೀಪು ಬಂತು. ನೆಟ್ಟಣದಲ್ಲಿ ನಡುರಾತ್ರಿ ರೈಲಿಳಿದವನನ್ನು ಅವನ ಊರಿಗೆ ಮುಟ್ಟಿಸುವ ಸರಕಾರಿ ಬಸ್ಸು ಬಂತೇ?

ಸುಳ್ಯ ವಿಧಾನಸಭಾ ಕ್ಷೇತ್ರ ದಶಕಗಳಿಂದ ಪರಿಶಿಷ್ಟ ಜಾತಿಗೆ ಮೀಸಲು. ನಾವು ಮೀಸಲಾತಿಯಿಂದ ಒಬ್ಬರನ್ನು ಸರಕಾರಿ ಕಾರಿನಲ್ಲಿ ಕೂರಿಸಿದೆವು. ಆ ಕಾರು ನಮ್ಮ ಕಾಲೊನಿಗೆ ಚುನಾವಣೆಯ ಕಾಲದಲ್ಲಿ ಬರುತ್ತದೆ, ಆಗ ಮಾತ್ರ ದಾರಿ ಇರುತ್ತದೆ!

ಇನ್ನು ಕಾರಿನ ಮುಂದಿನ ಸೀಟಿನ ಕಥೆ. ನನ್ನ ಚಿಕ್ಕಮ್ಮನ ಮಗ ಹಳದಿ ಬೋರ್ಡಿನ ಕಾರು ತೆಗೆದ. ಪರಿಶಿಷ್ಟ ಜಾತಿಯ ಹುಡುಗರು ಟ್ಯಾಕ್ಸಿ ಕೊಳ್ಳಲಿ ಎಂದು ಸಬ್ಸಿಡಿ ಕೊಡುವ 'ಐರಾವತ' ಎಂಬ ಯೋಜನೆ ಬಂದಿತ್ತು. ಹೆಸರು ನೋಡಿ, ಇಂದ್ರನ ಆನೆ! ಸಬ್ಸಿಡಿ ಹೋಗಿ ಉಳಿದದ್ದಕ್ಕೆ ಬ್ಯಾಂಕಿನ ಸಾಲ. ಕಾರು ತಂದು ಪೇಟೆಯ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ "ಇಲ್ಲಿ ಜಾಗ ಭರ್ತಿಯಾಗಿದೆ" ಎಂದರು. ಮರುವಾರ ಬೇರೊಬ್ಬನ ಕಾರಿಗೆ ಅಲ್ಲೇ ಜಾಗ ಆಯಿತು. ಮದುವೆಯ ಬಾಡಿಗೆಗೆ ಹೋದರೆ ಊಟದ ಹೊತ್ತಿಗೆ, "ನೀನು ಕಾರಿನ ಹತ್ತಿರವೇ ಇರು, ಅಲ್ಲಿಗೇ ಕಳಿಸ್ತೇವೆ" ಎನ್ನುತ್ತಾರೆ. ಅವನ ಅಜ್ಜನಿಗೆ ಗೆರಟೆಯಲ್ಲಿ ನೀರು ಕೊಡುತ್ತಿದ್ದರು. ಇವನಿಗೆ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಕೊಡುತ್ತಾರೆ. ಎಸೆಯಲಿಕ್ಕೆ ಎರಡೂ ಸುಲಭ.

ಪುತ್ತೂರಿನಲ್ಲಿ ಬಾಳಿ ಬರೆದ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಚೋಮನ ಹತ್ತಿರ ಎತ್ತುಗಳಿದ್ದವು, ಉಳಲಿಕ್ಕೆ ಭೂಮಿ ಇರಲಿಲ್ಲ. ನಮ್ಮ ಹುಡುಗನ ಹತ್ತಿರ ಕಾರಿದೆ, ನಿಲ್ಲಿಸಲಿಕ್ಕೆ ಸ್ಟ್ಯಾಂಡಿಲ್ಲ. ಚೋಮನ ಬೆನ್ನಿಗೆ ಎಸ್ಟೇಟಿನ ಸಾಲವಿತ್ತು, ಇವನ ಬೆನ್ನಿಗೆ ಬ್ಯಾಂಕಿನ ಕಂತು. ಎಂಥ ಪ್ರಗತಿ!

ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ಎಂಬ ಒಬ್ಬರು ಇದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಮ್ಮವರ ಮಕ್ಕಳಿಗೆ ಶಾಲೆ ತೆರೆದು, ಸ್ವಜಾತಿಯವರಿಂದಲೇ ಬಹಿಷ್ಕಾರ ಹಾಕಿಸಿಕೊಂಡವರು. 1928ರಲ್ಲಿ ತೀರಿಕೊಂಡರು. ಅವರಿಗೆ ಒಂದು ಆಸೆ ಇತ್ತು. ತಾನು ಓದಿಸಿದ ದಲಿತರ ಮಕ್ಕಳು ದೊಡ್ಡ ಕೆಲಸ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಬೇಕು, ಆಗ ಬಾಳು ಸಾರ್ಥಕ ಎಂದು. ದೊಡ್ಡ ಮನಸ್ಸು. ಆ ಮನಸ್ಸಿಗೆ ನಾನು ತಲೆಬಾಗುತ್ತೇನೆ. ಆದರೆ ಒಂದು ಮಾತು ಕೇಳುತ್ತೇನೆ: ಕಾರಿನೊಳಗೆ ನಮ್ಮವನೊಬ್ಬ ಕೂತಾಗ ಧೂಳು ಯಾರ ತಲೆಗೆ ಬೀಳುತ್ತಿದೆ? ರಸ್ತೆ ಬದಿಯಲ್ಲಿ ಸೌದೆ ಹೊತ್ತು ನಡೆಯುವ ನಮ್ಮಮ್ಮಂದಿರ ತಲೆಗೇ ತಾನೆ? ನಮ್ಮಲ್ಲಿ ನಾಲ್ಕು ಜನ ಕಾರಿಗೆ ಹತ್ತಿದರೆ ಇದು ಮುಗಿಯುವುದಿಲ್ಲ. ನಾಲ್ಕು ಜನ ಹತ್ತಿ ಗಾಜು ಏರಿಸಿದರೆ ಅವರೂ ಹೋದರು, ನಾವೂ ಹೋದೆವು.

ಕಾನೂನು ಇಲ್ಲವೆಂದಲ್ಲ. ಸಾರ್ವಜನಿಕ ವಾಹನಕ್ಕೆ ಅಸ್ಪೃಶ್ಯತೆಯ ಕಾರಣಕ್ಕೆ ಹತ್ತಗೊಡದಿರುವುದು 1955ರ ಕಾಯ್ದೆಯಿಂದಲೇ ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದಾಗ, ದಲಿತನು ಸೈಕಲ್ಲು, ಮೋಟಾರು ಸೈಕಲ್ಲು ಏರುವುದನ್ನು ತಡೆದರೆ ಶಿಕ್ಷೆ ಎಂದು ಬರೆಯಬೇಕಾಯಿತು. ಓದಿ ನೋಡಿ. ಮಂಗಳ ಗ್ರಹಕ್ಕೆ ನೌಕೆ ಮುಟ್ಟಿಸಿದ ಮರುವರ್ಷ ಈ ದೇಶದ ಪಾರ್ಲಿಮೆಂಟು ಸೈಕಲ್ಲಿನ ಬಗ್ಗೆ ಕಾನೂನು ಮಾಡಿತು! ಆದರೆ ಡ್ರೈವರ್ ಸುಮ್ಮನಾದ ಆ ಗಳಿಗೆಗೆ ಯಾವ ಸೆಕ್ಷನ್ನು? "ಆ ದಾರಿಗೆ ಗಾಡಿ ಬರುವುದಿಲ್ಲ" ಎಂಬ ಮಾತನ್ನು ಯಾವ ಪೋಲೀಸ್ ಸ್ಟೇಶನ್ನಿನಲ್ಲಿ ಬರೆದುಕೊಳ್ಳುತ್ತಾರೆ?

ಆದ್ದರಿಂದ ಗೆಳೆಯರೇ, ನಮಗೂ ಹೆಸರಿನ ರಟ್ಟು ಹಿಡಿದು ಕಾಯುವ ಕಾರು ಬೇಕು ಎಂಬುದು ನಮ್ಮ ಬೇಡಿಕೆ ಅಲ್ಲ. ಬುಕ್ ಮಾಡಲಾಗದವನಿಗೂ ದಾರಿ ಬೇಕು ಎಂಬುದು ಬೇಡಿಕೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿಲ್ಲ. ಒಳ್ಳೆಯದೇ. ನಮ್ಮಮ್ಮಂದಿರು ಆ ದಿನದಿಂದ ಗಂಡನ ಕಿಸೆ ನೋಡದೆ ಪುತ್ತೂರಿನ ಆಸ್ಪತ್ರೆಗೆ ಹೋಗುತ್ತಿದ್ದಾರೆ. ಬಸ್ಸಿನಲ್ಲಿ "ಯಾವ ಮನೆ?" ಎಂದು ಕಂಡಕ್ಟರ್ ಕೇಳುವುದಿಲ್ಲ, ಕೇಳುವ ಹಕ್ಕೂ ಅವನಿಗಿಲ್ಲ. ಬಸ್ಸು ನಮ್ಮದು, ಯಾಕೆಂದರೆ ಅದು ಎಲ್ಲರದು. ಆದರೆ ಬಸ್ಸೇ ಬಾರದ ಊರಿನಲ್ಲಿ ಧರ್ಮದ ಟಿಕೇಟು ಹಿಡಿದು ಏನು ಮಾಡುವುದು?

ನೆಟ್ಟಣದಲ್ಲಿ, ಕಬಕ ಪುತ್ತೂರಿನಲ್ಲಿ ನಿಲ್ಲುವ ಪ್ರತಿ ರೈಲಿಗೆ, ಅದು ಯಾವ ಹೊತ್ತಿನದೇ ಆಗಲಿ, ಒಂದು ಸರಕಾರಿ ಬಸ್ಸು ಕಾಯಬೇಕು. ಸ್ಟೇಶನ್ನಿನ ಗೋಡೆಯಲ್ಲಿ ಊರೂರಿನ ಬಾಡಿಗೆಯ ಪಟ್ಟಿ ತೂಗಬೇಕು, ಮನೆ ಕೇಳಿ ದರ ಹೇಳುವುದು ನಿಲ್ಲಬೇಕು. ಸ್ಟ್ಯಾಂಡಿನಲ್ಲಿ ಯಾರು ನಿಲ್ಲಬೇಕೆಂಬುದನ್ನು ಪಂಚಾಯತು ಬಹಿರಂಗವಾಗಿ ತೀರ್ಮಾನಿಸಬೇಕು. ಕಾಲೊನಿಯ ಕೊನೆಯ ಮನೆಯವರೆಗೆ ರಸ್ತೆ ಆಗಬೇಕು. ಸುಳ್ಯದ ಅರಂಬೂರಿನಲ್ಲಿ 1989ರಲ್ಲಿ ಗಿರೀಶ್ ಭಾರದ್ವಾಜರು ಊರವರ ಜೊತೆ ಸೇರಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ಅಂಥ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರು. ಮನಸ್ಸಿದ್ದರೆ ಹೊಳೆಯನ್ನೇ ದಾಟಿಸಬಹುದು ಎಂದಾದರೆ, ಧಣಿಗಳ ಬೇಲಿಯಿಂದ ನಮ್ಮ ಅಂಗಳದವರೆಗಿನ ಕಾಲುದಾರಿ ಅಷ್ಟು ದೊಡ್ಡ ಹೊಳೆಯೇ?

ಈ ಬೇಡಿಕೆಗಳನ್ನು ಬರೆದುಕೊಂಡು ಮುಂದಿನ ಗ್ರಾಮಸಭೆಗೆ ಹೋಗಿ. ಶಾಲೆಯ ಮೇಷ್ಟ್ರು ಬರೆದುಕೊಡಲಿ, ಕಾಲೇಜಿನ ಹುಡುಗರು ಸಹಿ ಸಂಗ್ರಹಿಸಲಿ, ಹೆಂಗಸರು ಮುಂದೆ ಕೂರಲಿ. ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಏಳಬೇಡಿ.

ಅಮ್ಮನ ಹೊಲಿಗೆ ಮಾಯಿತು. ಮೊನ್ನೆ ಕೇಳಿದಳು: "ಆ ದಿನ ಜೀಪಿನವ ದಾರಿ ಇಲ್ಲ ಅಂದನಲ್ಲ ಮಗಾ, ಹಾಗಾದ್ರೆ ನಾವು ನಡೆದದ್ದು ಎಂಥದ್ರ ಮೇಲೆ?"

ದಾರಿಯ ಮೇಲೆಯೇ ಅಮ್ಮಾ. ನಮ್ಮ ಅಜ್ಜಂದಿರು ತಲೆಹೊರೆ ಹೊತ್ತು ಸವೆಸಿದ ದಾರಿಯ ಮೇಲೆ. ಅದು ದಾರಿ ಎಂದು ಅವರ ಬಾಯಲ್ಲಿ ಹೇಳಿಸುವುದೊಂದೇ ಬಾಕಿ ಇದೆ.