ಪಡಸಾಲೆಯಲ್ಲಿ ನಿಂತವರು

ಅಮೇರಿಕದ ಸೆನೆಟರು ಲಂಚ ತಿಂದರೆ ನಮಗೇನು, ಬೋನಸಿನ ಮಾತು ಬರೆಯಿರಿ ಎಂದು ಕೆಲವು ಬಂಧುಗಳು ಹೇಳಿಯಾರು. ಬೋನಸಿನ ಮಾತನ್ನು ನಾವು ಬಿಟ್ಟಿಲ್ಲ. ಆದರೆ ಈ ಕಥೆ ಹೊಟ್ಟೆಯಿಂದಲೇ ಶುರುವಾಗುತ್ತದೆ. ಉಗ್ರಾಣದವನು ಸರಕಿನ ಸೇಠಿನಿಂದ ಕಮಿಶನ್ ತಿಂದರೆ ಗಿರಾಕಿಯ ತಟ್ಟೆ ತೆಳ್ಳಗಾಗುತ್ತದೆಂದು ಹೋಟೆಲಿನವರಾದ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಈಜಿಪ್ಟಿನ ಕೈರೋದಲ್ಲಿ ಬಡವರು ಬೀದಿಗಾಡಿಗಳಲ್ಲಿ ತಿನ್ನುವುದು ದನದ ಲಿವರ್ ತುಂಬಿದ ರೊಟ್ಟಿ. ಅಮೇರಿಕದಿಂದ ಲಿವರ್ ರಾಶಿರಾಶಿಯಾಗಿ ಅಲ್ಲಿಗೆ ಹೋಗುತ್ತದೆ. ಅದು ಹಲಾಲ್ ಎಂದು ಚೀಟಿ ಕೊಡುವ ಕೆಲಸ ಹಲವು ಸಂಸ್ಥೆಗಳ ಕೈಯಲ್ಲಿತ್ತು. 2019ರಲ್ಲಿ ಈಜಿಪ್ಟ್ ಸರಕಾರ ಅದನ್ನು ಕಿತ್ತು, ಆ ಕಸುಬಿನ ಅನುಭವವೇ ಇಲ್ಲದ ಒಬ್ಬ ವ್ಯಾಪಾರಿಗೆ ಒಪ್ಪಿಸಿತು. ಖರ್ಚು ಏರುತ್ತದೆಂದು ಅಮೇರಿಕದ ಕೃಷಿ ಇಲಾಖೆ ತಕರಾರು ತೆಗೆದಾಗ ಸೆನೆಟರ್ ಬಾಬ್ ಮೆನೆಂಡೆಜ್ ಮೇಲಧಿಕಾರಿಗೆ ಫೋನು ಮಾಡಿ ಸುಮ್ಮನಿರೆಂದ. ಈತ ಸೆನೆಟಿನ ವಿದೇಶಾಂಗ ಸಮಿತಿಯ ಹಿರಿಯ, ಮುಂದೆ ಅದರ ಅಧ್ಯಕ್ಷ! ಈಜಿಪ್ಟಿಗೆ ತಡೆಹಿಡಿದಿದ್ದ 30 ಕೋಟಿ ಡಾಲರ್ ನೆರವನ್ನು ಬಿಡಿರೆಂದು ಇತರ ಸೆನೆಟರುಗಳನ್ನು ಕೇಳುವ ಪತ್ರವನ್ನೂ ಈಜಿಪ್ಟಿನ ಪರವಾಗಿ ಗುಟ್ಟಾಗಿ ಬರೆದುಕೊಟ್ಟವನು. 2022ರಲ್ಲಿ ಮನೆ ಶೋಧಿಸಿದಾಗ ಬಟ್ಟೆಗಳಲ್ಲಿ, ಬೂಟಿನಲ್ಲಿ ನೋಟು. ಜೊತೆಗೆ ಚಿನ್ನದ ಗಟ್ಟಿಗಳು. 2024ರಲ್ಲಿ ಅಪರಾಧ ಸಾಬೀತಾಗಿ, 2025ರಲ್ಲಿ 11 ವರ್ಷ ಸಜೆಯಾಯಿತು.

ಹಿತ್ತಿಲ ಬಾಗಿಲಿನಿಂದ ಪಡೆದವನು ಸಿಕ್ಕಿಬಿದ್ದ. ನಮಗೆ ಹೆಚ್ಚು ಚಿಂತೆ ಹೆಬ್ಬಾಗಿಲಿನದು. ಶಾಸನಸಭೆಯ ಪಡಸಾಲೆಯಲ್ಲಿ ನಿಂತು ಸದಸ್ಯರ ಮನವೊಲಿಸುವುದಕ್ಕೆ ಅಲ್ಲಿ ಲಾಬಿ ಎನ್ನುತ್ತಾರೆ. ಪರದೇಶದ ಸರಕಾರಕ್ಕಾಗಿ ದುಡಿಯುವವರು ಹೆಸರು ನೋಂದಾಯಿಸಬೇಕೆಂದು 1938ರಿಂದಲೂ ಕಾನೂನಿದೆ. ಆದರೆ ಇಸ್ರೇಲಿನ ಪರ ವಾದಿಸುವ ಐಪ್ಯಾಕ್ ಸಂಸ್ಥೆಯ ಹಣ ಅಮೇರಿಕದ ಪ್ರಜೆಗಳದ್ದೇ ಆದ್ದರಿಂದ ಅದು ಆ ಪಟ್ಟಿಯಲ್ಲಿಲ್ಲ. 2024ರಲ್ಲಿ, ಗಾಜಾದ ಯುದ್ಧ ನಿಲ್ಲಲಿ ಎಂದ ನ್ಯೂಯಾರ್ಕಿನ ಸದಸ್ಯ ಜಮಾಲ್ ಬೋಮನ್ನರನ್ನು ಅವರ ಪಕ್ಷದ ಒಳಚುನಾವಣೆಯಲ್ಲೇ ಸೋಲಿಸಲು ಅದರ ಚುನಾವಣಾ ಸಮಿತಿ 1 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು ಸುರಿಯಿತು. ಅವರು ಸೋತರು. ಪ್ರಚಾರದ ಜಾಹೀರಾತುಗಳಲ್ಲಿ ಇಸ್ರೇಲಿನ ಮಾತು ಬಹುಮಟ್ಟಿಗೆ ಇರಲೇ ಇಲ್ಲ!

ಅಹವಾಲು ಹೇಳುವುದು ತಪ್ಪಲ್ಲ. ನಾವೂ ಮಂತ್ರಿಗಳಲ್ಲಿಗೆ ನಿಯೋಗ ಒಯ್ಯುವವರೇ. ನಮ್ಮ ಕೈಯಲ್ಲಿ ಅರ್ಜಿ ಇರುತ್ತದೆ, ಥೈಲಿ ಇರುವುದಿಲ್ಲ.

ನಮ್ಮ ದೇಶದಲ್ಲೇನು? ವಿದೇಶಿ ಕಂಪನಿಯೊಂದರ ಅಂಗಸಂಸ್ಥೆಗಳಿಂದ ದೇಣಿಗೆ ಪಡೆದು ಕಾಂಗ್ರೆಸ್, ಭಾಜಪ ಎರಡೂ ಕಾನೂನು ಮೀರಿವೆ ಎಂದು 2014ರಲ್ಲಿ ದಿಲ್ಲಿ ಹೈಕೋರ್ಟು ಹೇಳಿತು. 2018ರ ಹಣಕಾಸು ಮಸೂದೆಯಲ್ಲಿ ಒಂದು ಸಾಲು ಸೇರಿಸಿ, 1976ರಷ್ಟು ಹಿಂದಿನ ಕಾಲದಿಂದಲೇ ಅಂಥ ದೇಣಿಗೆಗೆ ಸಡಿಲ ಕೊಡಲಾಯಿತು. ಲೋಕಸಭೆಯಲ್ಲಿ ಆ ಮಸೂದೆ ಚರ್ಚೆಯಿಲ್ಲದೆ ಗದ್ದಲದ ನಡುವೆ ಪಾಸಾಯಿತು.

ಮುಂದಿನ ಸಲ ಓಟು ಕೇಳಲು ನಮ್ಮ ಖೋಲಿಗಳಿಗೆ ಬರುವವರನ್ನು, ಯಾವ ಪಕ್ಷದವರೇ ಆಗಲಿ, ಬೋನಸು ಮತ್ತು ರೇಶನ್ನಿನ ಜೊತೆಗೆ ಆ ಸಾಲಿನ ಬಗ್ಗೆಯೂ ನಮ್ಮ ಸದಸ್ಯರು ಕೇಳಬೇಕು.