ಮದುವೆಯ ಚಪ್ಪರದಲ್ಲಿ ಕುಣಿತಕ್ಕೆ ಕರೆಯುವವರು ಯಾರು?

ಈಸ್ಟರ್ ಹಬ್ಬ ಮುಗಿದೊಡನೆ ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಗಳ ಕಾಲ ಆರಂಭವಾಗುತ್ತದೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ನಮ್ಮ ಕುಟುಂಬಗಳು ಕೆಲವೇ. ಆದುದರಿಂದ ಇಲ್ಲಿ ಮದುವೆಯೆಂದರೆ ಕರಾವಳಿಯ ಬಂಧುಗಳು, ಮುಂಡಗೋಡ-ಹಳಿಯಾಳ ಕಡೆಯ ಸಿದ್ದಿ ಸೋದರರು, ಅನ್ಯಮತದ ನೆರೆಹೊರೆಯವರು ಒಂದೇ ಚಪ್ಪರದಡಿ ಸೇರುವ ಅಪೂರ್ವ ದಿನ. ಇವರನ್ನು ಒಂದುಗೂಡಿಸಬೇಕಾದ ಕುಣಿತವೇ ಇಂದು ಬೇರ್ಪಡಿಸುತ್ತಿದೆ. ಡಿಜೆ ಪೆಟ್ಟಿಗೆಗಳ ಮುಂದೆ ಹತ್ತು ಮಂದಿ ಯುವಕರು; ಹಿಂದಿನ ಸಾಲಿನ ಕುರ್ಚಿಗಳಲ್ಲಿ ಕಿವಿ ಮುಚ್ಚಿಕೊಂಡ ಅಜ್ಜಿಯರು. ಇದನ್ನು ಸಂತೋಷಕೂಟವೆನ್ನಲು ನಮಗೆ ಮನಸ್ಸು ಬಾರದು.

ಕೊಂಕಣಿ ಮನೆಗಳ ರೋಸ್ ಶಾಸ್ತ್ರವನ್ನು ನೆನೆಯೋಣ. ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವಾಗ ಹಿರಿಯ ಹೆಂಗಸರೊಬ್ಬರು ವೋವಿಯೊ ಹಾಡನ್ನು ಎತ್ತಿಕೊಡುತ್ತಾರೆ, ನೆರೆದವರೆಲ್ಲ ದನಿಗೂಡಿಸುತ್ತಾರೆ. 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್ ಮದುವೆಗಳಲ್ಲಿ ಈ ಹಾಡುಗಳನ್ನು ನಿಷೇಧಿಸಿತು. ಆದರೂ ಅವು ಉಳಿದವು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ವಿವಾಹಕ್ಕೆ ಸಂಬಂಧಿಸಿದ ಆಯಾ ನಾಡಿನ ಉತ್ತಮ ಸಂಪ್ರದಾಯಗಳು ಉಳಿಯಬೇಕೆಂದು ಹಾರೈಸಿತು. ನಿಷೇಧಾಜ್ಞೆಯಿಂದ ಅಳಿಯದ ದನಿಯನ್ನು ಇಂದು ನಾವೇ ಬಾಡಿಗೆ ಪೆಟ್ಟಿಗೆಗಳಿಂದ ಅಡಗಿಸಬೇಕೆ?

ಐರ್ಲೆಂಡಿನ ಕಥೋಲಿಕರಿಗೂ ಇಂಥ ಪರೀಕ್ಷೆ ಬಂದಿತ್ತು. 1935ರ ಕಾಯಿದೆಯು ಸಾರ್ವಜನಿಕ ಕುಣಿತಕ್ಕೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಅದರ ಹಿಂದೆ ಧರ್ಮಾಧಿಕಾರಿಗಳ ಒತ್ತಾಯವೂ ಇತ್ತು. ಹಳ್ಳಿಯ ಮನೆಗಳ ಕುಣಿತ ಕುಗ್ಗಿತು. ಆದರೆ 'ಕೇಲಿ' ಎಂಬ ಸಮೂಹ ನೃತ್ಯ ಇಂದಿಗೂ ಅಲ್ಲಿನ ಮದುವೆಗಳಲ್ಲಿ ಉಂಟು. ಒಬ್ಬರು ನಿಂತು ಹೆಜ್ಜೆಗಳನ್ನು ಕೂಗಿ ಹೇಳುತ್ತಾರೆ. ಮೊದಲು ವಾದ್ಯವಿಲ್ಲದೆ ನಡೆದು ತೋರಿಸುತ್ತಾರೆ. 'ಸೀಜ್ ಆಫ್ ಎನಿಸ್' ಎಂಬ ಕುಣಿತದಲ್ಲಿ ನಾಲ್ವರ ಸಾಲು ಎದುರಿನ ನಾಲ್ವರೊಡನೆ ಕುಣಿದು, ಮುಂದೆ ಸಾಗಿ ಹೊಸಬರನ್ನು ಎದುರುಗೊಳ್ಳುತ್ತದೆ. ಹೀಗೆ ವರನ ಕಡೆಯವರು, ವಧುವಿನ ಕಡೆಯವರು ಎಂಬ ಭೇದ ತಾನಾಗಿ ಕರಗುತ್ತದೆ.

ನಮ್ಮಲ್ಲಿಯೂ ಇದು ಅಸಾಧ್ಯವೇನಲ್ಲ. ಕೋಲಾಟ, ಲಂಬಾಣಿ ತಾಂಡಾಗಳ ಸುತ್ತು ಕುಣಿತ, ಸಿದ್ದಿಯರ ಡಮಾಮಿ, ಕೊಂಕಣಿಗರ ಗುಮಟೆ, ಇವೆಲ್ಲವೂ ನಮ್ಮವೇ. ಮದುವೆ ಗೊತ್ತಾದಾಗಲೇ ಎರಡೂ ಮನೆಯ ಹಿರಿಯರು ಕಿರಿಯರೊಡನೆ ಕುಳಿತು ಮೂರು ಕುಣಿತಗಳನ್ನು ಆರಿಸಲಿ. ಮೊದಲನೆಯದು ಅಜ್ಜಿಗೂ ಮೊಮ್ಮಗುವಿಗೂ ನಿಲುಕುವಷ್ಟು ಸುಲಭವಾಗಿರಲಿ. ಕನ್ನಡ, ಕೊಂಕಣಿ ಎರಡರಲ್ಲಿಯೂ ಹೆಜ್ಜೆ ಹೇಳಿಕೊಡಬಲ್ಲ ಸಮಾಧಾನದ ವ್ಯಕ್ತಿಯೊಬ್ಬರನ್ನು ಗೊತ್ತುಮಾಡಲಿ. ಅತಿಥಿಗಳನ್ನು ಗೇಲಿಮಾಡುವ ವಾಚಾಳಿ ಬೇಡ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಲಿ. 2000ದ ಶಬ್ದಮಾಲಿನ್ಯ ನಿಯಮಗಳು ಕೇಳುವುದೂ ಅದನ್ನೇ.

ಯುವಜನರ ಉಲ್ಲಾಸಕ್ಕೆ ನಾವು ಅಡ್ಡಿಯಲ್ಲ. ಅವರ ಇಷ್ಟದ ಹಾಡುಗಳಿಗೂ ಸಮಯವಿರಲಿ. ಆದರೆ ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸದ ಕೊರತೆಯನ್ನು ಗಮನಿಸಿ ಪುತ್ರನಿಗೆ ತಿಳಿಸಿದವರು ಮಾತೆ ಮರಿಯಮ್ಮನವರು. ನಮ್ಮ ಚಪ್ಪರಗಳಲ್ಲಿ ಯಾರ ಪಾಲಿನ ಸಂತೋಷ ಬರಿದಾಗಿದೆಯೆಂದು ನಾವೂ ಗಮನಿಸೋಣ. ಬರುವ ಮದುವೆಗಳಲ್ಲಿ ಹಿಂದಿನ ಸಾಲಿನ ಕುರ್ಚಿಗಳು ಸ್ವಲ್ಪ ಹೊತ್ತಾದರೂ ಖಾಲಿಯಾಗಲೆಂದು ಹಾರೈಸುತ್ತೇವೆ.