ಆಸ್ಪತ್ರೆಯು ವಿಮೆಯ ಪಟ್ಟಿಯಿಂದ ಹೊರಬಂದರೆ ರೋಗಿಯ ಪಾಡೇನು?

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದ ಕನ್ನಡಿಗರ ಮನೆಗಳಲ್ಲಿ ‘ದೊಡ್ಡ ಆಸ್ಪತ್ರೆ’ ಎಂದರೆ ಬಹುಕಾಲದಿಂದಲೂ ಮಂಗಳೂರೇ. ಆ ಅವಲಂಬನೆ ಎಷ್ಟು ಆಳವಾದುದೆಂಬುದನ್ನು 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಜಿಲ್ಲೆಯ ಜನ ಕಂಡರು. ರೋಗಿಗಳ ವಾಹನಗಳಿಗೆ ದಾರಿ ಬಿಡಿಸಲು ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವೇ ಕೇಂದ್ರ ಸರಕಾರಕ್ಕೆ ನಿರ್ದೇಶನ ನೀಡಬೇಕಾಯಿತು. ಈಗ ರಸ್ತೆ ತೆರೆದಿದೆ. ಆದರೆ ರಸ್ತೆ ತೆರೆದಿದ್ದರೂ ಆಸ್ಪತ್ರೆಯ ವಿಮಾ ಕೌಂಟರು ಮುಚ್ಚಿಕೊಳ್ಳುವ ಸಂದರ್ಭ ಒದಗಬಹುದು.

ಒಂದು ಮನೆಯನ್ನು ಎಣಿಸಿಕೊಳ್ಳೋಣ. ಅಡಕೆ ತೋಟದ ಗೃಹಸ್ಥರೊಬ್ಬರು ಏಳು ವರ್ಷಗಳಿಂದ ತಪ್ಪದೆ ಆರೋಗ್ಯ ವಿಮೆಯ ಕಂತು ಕಟ್ಟುತ್ತಾ ಬಂದಿದ್ದಾರೆ. ತಾಯಿಯ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ. ಹತ್ತು ದಿನ ಉಳಿದಿರುವಾಗ ಕೌಂಟರಿನಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ: “ಮುಂದಿನ ವಾರದಿಂದ ನಿಮ್ಮ ಕಂಪನಿಯ ಕ್ಯಾಶ್‌ಲೆಸ್ ನಮ್ಮಲ್ಲಿ ಇರಲಿಕ್ಕಿಲ್ಲ.” ಮನೆಗೆ ಮರಳುವ ದಾರಿಯಲ್ಲೇ ಅವರ ಮನಸ್ಸು ಹೆಂಡತಿಯ ಬಳೆಯನ್ನು ಸಹಕಾರಿ ಬ್ಯಾಂಕಿನಲ್ಲಿ ಅಡವಿಡುವ ಲೆಕ್ಕಾಚಾರಕ್ಕೆ ತೊಡಗುತ್ತದೆ. ಆ ಲೆಕ್ಕ ಹಾಕುವ ಮೊದಲು ತಿಳಿದಿರಬೇಕಾದ ಸಂಗತಿಗಳು ಹಲವಿವೆ.

ಮೊದಲನೆಯದಾಗಿ, ಇಲ್ಲಿರುವುದು ಒಂದಲ್ಲ, ಎರಡು ಕರಾರು. ಪಾಲಿಸಿಯು ವಿಮಾ ಕಂಪನಿಗೂ ವಿಮೆದಾರನಿಗೂ ನಡುವಿನ ಒಪ್ಪಂದ. ಕ್ಯಾಶ್‌ಲೆಸ್ ಸೌಲಭ್ಯವು ಕಂಪನಿಗೂ ಆಸ್ಪತ್ರೆಗೂ ನಡುವಿನ ಬೇರೊಂದು ಒಪ್ಪಂದದ ಫಲ. ಯಾವ ಶಸ್ತ್ರಚಿಕಿತ್ಸೆಗೆ ಎಷ್ಟು ದರ, ಎಷ್ಟು ದಿನದೊಳಗೆ ಹಣ ಸಂದಾಯ ಎಂಬುದು ಅದರಲ್ಲಿ ನಿಗದಿಯಾಗಿರುತ್ತದೆ. ದರ ಸಾಲದೆಂದು ಆಸ್ಪತ್ರೆಗೆ ತೋರಿದಾಗ, ಬಿಲ್ಲು ಹೆಚ್ಚೆಂದು ಕಂಪನಿಗೆ ತೋರಿದಾಗ ಈ ಎರಡನೆಯ ಒಪ್ಪಂದ ಮುರಿಯುತ್ತದೆ. 2010ರ ಜುಲೈಯಲ್ಲಿ ಸಾರ್ವಜನಿಕ ರಂಗದ ನಾಲ್ಕು ವಿಮಾ ಕಂಪನಿಗಳು ದಿಲ್ಲಿ, ಮುಂಬಯಿ, ಚೆನ್ನೈ, ಬೆಂಗಳೂರಿನ ಅನೇಕ ದೊಡ್ಡ ಆಸ್ಪತ್ರೆಗಳನ್ನು ಪಟ್ಟಿಯಿಂದ ಕೈಬಿಟ್ಟವು. 2025ರ ಆಗಸ್ಟಿನಲ್ಲಿ ಇದಕ್ಕೆ ತಿರುಗುಮುರುಗಾದುದು ನಡೆಯಿತು. ಖಾಸಗಿ ಆಸ್ಪತ್ರೆಗಳ ಸಂಘಟನೆಯೊಂದು ಉತ್ತರ ಭಾರತದ ತನ್ನ ಸದಸ್ಯ ಆಸ್ಪತ್ರೆಗಳಿಗೆ ಸೆಪ್ಟೆಂಬರ್ 1ರಿಂದ ಒಂದು ದೊಡ್ಡ ವಿಮಾ ಕಂಪನಿಯ ಕ್ಯಾಶ್‌ಲೆಸ್ ನಿಲ್ಲಿಸುವಂತೆ ಸೂಚಿಸಿ, ಮಾತುಕತೆಯ ಬಳಿಕ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ಆದುದರಿಂದ ಕೌಂಟರಿನ ಮಾತು ಕೇಳಿದೊಡನೆ ಕಂಗೆಡಬೇಕಾಗಿಲ್ಲ. ಕೊನೆಯ ದಿನದವರೆಗೂ ರಾಜಿಯಾಗುವುದುಂಟು. ಹಾಗೆಂದು ಕೈಕಟ್ಟಿ ಕುಳಿತಿರುವುದೂ ಸಲ್ಲದು.

ಎರಡನೆಯ ಒಪ್ಪಂದ ಮುರಿದ ಮಾತ್ರಕ್ಕೆ ಮೊದಲನೆಯದು ಮುರಿಯುವುದಿಲ್ಲ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೂ, ಪಾಲಿಸಿಯ ಷರತ್ತಿಗೆ ಅದು ಹೊಂದುವುದಾದರೆ, ಖರ್ಚನ್ನು ಮೊದಲು ತಾನೇ ಭರಿಸಿ ಆಮೇಲೆ ಮರುಪಾವತಿ ಕೇಳುವ ಹಕ್ಕು ವಿಮೆದಾರನಿಗೆ ಉಳಿದೇ ಇರುತ್ತದೆ. ಕಳೆದುಹೋಗುವುದು ಕೈಯಿಂದ ಹಣ ಕೊಡದೆ ಬಿಡುಗಡೆ ಹೊಂದುವ ಅನುಕೂಲ ಮಾತ್ರ. ಒಪ್ಪಂದದ ದರ ಇಲ್ಲವಾದುದರಿಂದ ಬಿಲ್ಲು ಹೆಚ್ಚಾಗುವ ಸಂಭವವಿದೆ. ಕೊಠಡಿ ಬಾಡಿಗೆಯ ಮಿತಿಯಿರುವ ಪಾಲಿಸಿಯಲ್ಲಿ ಮಿತಿಗಿಂತ ದುಬಾರಿ ಕೊಠಡಿ ಹಿಡಿದರೆ ಇತರ ಕೆಲವು ಖರ್ಚುಗಳಲ್ಲೂ ಅದೇ ಪ್ರಮಾಣದ ಕಡಿತ ಬೀಳಬಹುದು. ಕೊಠಡಿ ಆರಿಸುವ ಮೊದಲು ಪಾಲಿಸಿಯ ಆ ಪುಟವನ್ನು ಓದುವುದು ಲೇಸು.

ಇಲ್ಲಿ ಬಹಳ ಮಂದಿ ಎಡವುವ ಒಂದು ಭೇದವಿದೆ. ‘ನೆಟ್‌ವರ್ಕ್‌ನಲ್ಲಿಲ್ಲದ’ ಆಸ್ಪತ್ರೆ ಬೇರೆ. ಕಂಪನಿಯು ‘ಹೊರಗಿಟ್ಟ’ ಆಸ್ಪತ್ರೆ ಬೇರೆ. ಪ್ರತಿಯೊಂದು ಕಂಪನಿಯೂ ತಾನು ಹೊರಗಿಟ್ಟ ಆಸ್ಪತ್ರೆಗಳ ಹೆಸರನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಅಂಥಲ್ಲಿ ಚಿಕಿತ್ಸೆ ಪಡೆದರೆ ಮರುಪಾವತಿಯೂ ಇಲ್ಲ. ಅಪಘಾತ ಅಥವಾ ಪ್ರಾಣಾಪಾಯದ ಸಂದರ್ಭ ಮಾತ್ರ ಇದಕ್ಕೆ ಅಪವಾದ. ಆಗಲೂ ರೋಗಿಯ ಸ್ಥಿತಿ ಸ್ಥಿರವಾಗುವವರೆಗಿನ ಖರ್ಚಷ್ಟೇ ಸಿಗುತ್ತದೆ. ಆದುದರಿಂದ ಗೃಹಸ್ಥರು ಕೇಳಬೇಕಾದ ಮೊದಲ ಪ್ರಶ್ನೆ: “ಈ ಆಸ್ಪತ್ರೆ ಪಟ್ಟಿಯಿಂದ ಬರಿದೇ ಹೊರಬಂದಿದೆಯೋ, ಹೊರಗಿಟ್ಟವುಗಳ ಪಟ್ಟಿಗೆ ಸೇರಿದೆಯೋ?”

ಪ್ರಶ್ನೆಯನ್ನು ಕೌಂಟರಿನಲ್ಲಿ ಕೇಳಿದರೆ ಸಾಲದು. ಕಂಪನಿಗೆ ಅಥವಾ ಅದರ ಪರವಾಗಿ ಕೆಲಸ ಮಾಡುವ ಟಿಪಿಎಗೆ ಇಮೇಲ್ ಮೂಲಕ ಕೇಳಿ ಬರಹದಲ್ಲೇ ಉತ್ತರ ಪಡೆಯಬೇಕು. ಒಪ್ಪಂದ ಯಾವ ದಿನ ಕೊನೆಗೊಳ್ಳುತ್ತದೆ? ಈಗಾಗಲೇ ದೊರೆತ ಪೂರ್ವಾನುಮತಿ ಆ ದಿನದ ನಂತರವೂ ನಡೆಯುತ್ತದೆಯೇ? ಒಳರೋಗಿಯಾಗಿ ಇರುವಾಗಲೇ ಆ ದಿನ ಬಂದರೆ ಬಿಲ್ಲಿನ ಗತಿಯೇನು? ಡಯಾಲಿಸಿಸ್, ಕೀಮೋಥೆರಪಿಯಂತೆ ಮತ್ತೆ ಮತ್ತೆ ಹೋಗಬೇಕಾದವರಿಗೆ ಈ ಪ್ರಶ್ನೆಗಳು ಇನ್ನೂ ಮುಖ್ಯ. ಒಮ್ಮೆ ಸಿಕ್ಕಿದ ಅನುಮತಿ ಮುಂದಿನ ಸರದಿಗೂ ತಾನಾಗಿ ಸಲ್ಲುತ್ತದೆಂದು ನಂಬಿಕೊಳ್ಳಬಾರದು.

ಪಟ್ಟಿಯಿಂದ ಹೊರಬಂದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ದೊರಕಿಸಿಕೊಳ್ಳಲು ಒಂದು ದಾರಿಯಿದೆ. 2024ರ ಜನವರಿ 25ರಂದು ಸಾಮಾನ್ಯ ವಿಮಾ ಮಂಡಳಿಯು ‘ಎಲ್ಲೆಡೆ ಕ್ಯಾಶ್‌ಲೆಸ್’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಮೊದಲೇ ನಿಶ್ಚಯವಾದ ಚಿಕಿತ್ಸೆಯಾದರೆ ದಾಖಲಾಗುವ 48 ಗಂಟೆ ಮುಂಚಿತವಾಗಿ, ತುರ್ತು ಚಿಕಿತ್ಸೆಯಾದರೆ ದಾಖಲಾದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಆಸ್ಪತ್ರೆಯೂ ಇದಕ್ಕೆ ಒಪ್ಪಬೇಕಾದುದರಿಂದ ಇದು ಖಚಿತವಾದ ದಾರಿಯಲ್ಲ. ಆದರೆ ಕೇಳದೆ ಬಿಡುವಂಥದೂ ಅಲ್ಲ.

ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಮೇ 29ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಯ ಬಗ್ಗೆ ಕಂಪನಿ ಒಂದು ಗಂಟೆಯೊಳಗೆ ತೀರ್ಮಾನಿಸಬೇಕು. ಬಿಡುಗಡೆಯ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಅನುಮತಿ ನೀಡಬೇಕು. ಆ ವಿಳಂಬದಿಂದ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ಕಂಪನಿಯೇ ಭರಿಸಬೇಕು. ಕೋರಿಕೆ ಸಲ್ಲಿಸಿದ ಹೊತ್ತನ್ನು ಬರೆದಿಟ್ಟುಕೊಂಡವರಿಗೆ ಮಾತ್ರ ಈ ನಿಯಮ ನೆರವಾಗುತ್ತದೆ.

ಕೈಯಿಂದ ಹಣ ಕೊಡಲೇಬೇಕಾಗಿ ಬಂದರೆ ಕಾಗದಪತ್ರಗಳೇ ಬಲ. ಬಿಡುಗಡೆಯ ಸಾರಾಂಶ, ವಿವರವಾದ ಮೂಲ ಬಿಲ್ಲು, ಹಣ ಪಾವತಿಯ ರಶೀದಿ, ವೈದ್ಯರ ಚೀಟಿ, ಪರೀಕ್ಷೆಯ ವರದಿಗಳು, ಔಷಧದ ಬಿಲ್ಲು ಇವೆಲ್ಲವನ್ನೂ ಮನೆಗೆ ಮರಳುವ ಮೊದಲೇ ಕೇಳಿ ಪಡೆಯಬೇಕು. ಪ್ರತಿಯೊಂದರ ನಕಲನ್ನೂ ಇಟ್ಟುಕೊಳ್ಳಬೇಕು. ಕ್ಲೇಮು ಸಲ್ಲಿಸುವ ಗಡುವು ಪಾಲಿಸಿಯಲ್ಲೇ ಇರುತ್ತದೆ. ಹಲವು ಪಾಲಿಸಿಗಳಲ್ಲಿ ಅದು ಬಿಡುಗಡೆಯ ನಂತರದ 30 ದಿನ. ಕಂಪನಿಯು ನಿಗದಿತ ಅವಧಿ ಮೀರಿ ಹಣ ತಡೆಹಿಡಿದರೆ ಬ್ಯಾಂಕ್ ದರಕ್ಕಿಂತ ಶೇಕಡಾ 2ರಷ್ಟು ಹೆಚ್ಚು ಬಡ್ಡಿ ಕೇಳಬಹುದು.

ತುರ್ತು ಸಂದರ್ಭದಲ್ಲಿ ಪಟ್ಟಿಯನ್ನು ಹುಡುಕುತ್ತಾ ಕುಳಿತುಕೊಳ್ಳಬಾರದು. ಗಾಯಾಳುವಿನ ಪ್ರಾಣ ಉಳಿಸುವುದು ಸರಕಾರಿಯೇ ಇರಲಿ ಖಾಸಗಿಯೇ ಇರಲಿ, ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸಾರಿದೆ. ಮೊದಲು ಹತ್ತಿರದ ಆಸ್ಪತ್ರೆ, ಆಮೇಲೆ ವಿಮೆಯ ಕರೆ.

ಸರಕಾರದ ಯೋಜನೆಗಳ ರೀತಿ ಬೇರೆ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ರಕ್ಷಣೆಯಿದೆ. ಆದರೆ ಅದು ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಸಿಗುವ ಸೌಲಭ್ಯ. ಹಣ ಕೊಟ್ಟು ಆಮೇಲೆ ಮರುಪಾವತಿ ಪಡೆಯುವೆನೆಂದು ಇಲ್ಲಿ ಹೊರಡುವಂತಿಲ್ಲ. ಆಸ್ಪತ್ರೆ ಯೋಜನೆಯಿಂದ ಹೊರಬಂದರೆ ಯೋಜನೆಯಲ್ಲಿರುವ ಇನ್ನೊಂದನ್ನು ಹುಡುಕುವುದೇ ಉಪಾಯ. ಗಡಿ ದಾಟುವ ಮೊದಲು ತಮ್ಮ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂಬುದನ್ನು ಕೇರಳದ ‘ದಿಶಾ’ ಸಹಾಯವಾಣಿ 1056ರಲ್ಲಿ ಅಥವಾ ಆಯುಷ್ಮಾನ್ ಭಾರತದ 14555ರಲ್ಲಿ ವಿಚಾರಿಸಬೇಕು. ನಮ್ಮ ಶಾಲೆಗಳ ಅಧ್ಯಾಪಕರೂ ನಿವೃತ್ತರೂ ಸೇರಿರುವ ‘ಮೆಡಿಸೆಪ್’ ಯೋಜನೆಗೂ ತನ್ನದೇ ಆದ ಆಸ್ಪತ್ರೆಗಳ ಪಟ್ಟಿಯಿದೆ. ಹೊರಡುವ ಮೊದಲು ಅದನ್ನೂ ನೋಡಬೇಕು.

ಬೇಕಾದ ಆಸ್ಪತ್ರೆ ಪಟ್ಟಿಗೆ ಮರಳುವ ಸೂಚನೆಯಿಲ್ಲದಿದ್ದರೆ ನವೀಕರಣದ ವೇಳೆ ಕಂಪನಿಯನ್ನು ಬದಲಾಯಿಸಬಹುದು. ಪಾಲಿಸಿಯನ್ನು ನಿಲ್ಲಿಸಿ ಹೊಸದನ್ನು ಕೊಳ್ಳುವುದು ತಪ್ಪು. ‘ಪೋರ್ಟಬಿಲಿಟಿ’ಯ ಮೂಲಕ ವರ್ಗಾಯಿಸಿದರೆ ಹಳೆಯ ಮೊತ್ತದ ಮಟ್ಟಿಗೆ ಹಿಂದಿನ ವರ್ಷಗಳ ಲೆಕ್ಕ ಮುಂದುವರಿಯುತ್ತದೆ. 60 ತಿಂಗಳು ಸತತವಾಗಿ ನಡೆದ ಪಾಲಿಸಿಯ ಕ್ಲೇಮನ್ನು, ವಂಚನೆ ಸಿದ್ಧವಾಗದ ಹೊರತು, ಹಿಂದೆ ರೋಗ ಮರೆಮಾಚಿದರೆಂಬ ಕಾರಣಕ್ಕೆ ತಳ್ಳಿಹಾಕುವಂತಿಲ್ಲ. ಏಳು ವರ್ಷದ ಕಂತಿನಿಂದ ಗಳಿಸಿದ ಆ ರಕ್ಷಣೆಯನ್ನು ಸಿಟ್ಟಿನ ಭರದಲ್ಲಿ ಕಳೆದುಕೊಳ್ಳಬಾರದು. ಅರ್ಜಿಯನ್ನು ಒಂದೂವರೆ ತಿಂಗಳು ಮೊದಲೇ ಸಲ್ಲಿಸುವುದು ಕ್ಷೇಮ.

ಅನ್ಯಾಯವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಪ್ರಾಧಿಕಾರದ ‘ಬಿಮಾ ಭರೋಸಾ’ ಸಹಾಯವಾಣಿ 155255. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಕೊಚ್ಚಿಯಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. 50 ಲಕ್ಷ ರೂಪಾಯಿಯವರೆಗಿನ ವಿವಾದಗಳನ್ನು ಅಲ್ಲಿ ತೀರ್ಮಾನಿಸುತ್ತಾರೆ. ಬಳಕೆದಾರರ ಆಯೋಗದ ದಾರಿಯೂ ಇದೆ. 2019ರ ಕಾಯ್ದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ನೀಡಬಹುದು. ಕಂಪನಿಯ ಮುಖ್ಯ ಕಚೇರಿ ಮುಂಬಯಿಯಲ್ಲಿದ್ದರೂ, ಆಸ್ಪತ್ರೆ ಮಂಗಳೂರಿನಲ್ಲಿದ್ದರೂ, ಕಾಸರಗೋಡಿನ ಆಯೋಗದ ಬಾಗಿಲು ತೆರೆದಿದೆ. ಗಡುವು ಎರಡು ವರ್ಷ.

ಕೊನೆಯದಾಗಿ ಭಾಷೆಯ ಮಾತು. ಪಾಲಿಸಿಯ ಮುಖ್ಯಾಂಶಗಳನ್ನು ಸರಳವಾಗಿ ಹೇಳುವ ‘ಗ್ರಾಹಕ ಮಾಹಿತಿ ಪತ್ರ’ವನ್ನು ವಿಮೆದಾರನು ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆಂಬ ನಿಯಮವಿದೆ. ಕಾಸರಗೋಡಿನ ಕನ್ನಡಿಗರು ಅದನ್ನು ಕನ್ನಡದಲ್ಲೇ ಕೇಳಬೇಕು. ಕೇಳುವವರಿಲ್ಲದಿದ್ದರೆ ಕೊಡುವವರೂ ಇರುವುದಿಲ್ಲ. ಆ ಪತ್ರ ಮನೆಗೆ ಬಂದ ದಿನ ಏಳನೆಯ ತರಗತಿಯ ಮಗು ಅದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಲಿ. ಯಾವ ಆಸ್ಪತ್ರೆ, ಎಷ್ಟು ಬಾಡಿಗೆ, ಯಾರಿಗೆ ಕರೆ ಎಂಬುದು ಮನೆಯ ಎಲ್ಲರಿಗೂ ತಿಳಿದಿರಲಿ. ಶಸ್ತ್ರಚಿಕಿತ್ಸೆಗೆ ಇನ್ನೂ ಹತ್ತು ದಿನ ಉಳಿದಿರುವ ಆ ಗೃಹಸ್ಥರು ಈ ದಿನ ಮಾಡಬೇಕಾದುದು ಎರಡೇ ಕೆಲಸ: ಕಂಪನಿಗೆ ಒಂದು ಪತ್ರ ಬರೆಯುವುದು, ಪಾಲಿಸಿಯನ್ನು ಕಪಾಟಿನಿಂದ ಹೊರತೆಗೆದು ಓದುವುದು. ಬಳೆಯ ಲೆಕ್ಕ ಆಮೇಲೆ.